ಅಧ್ಯಕ್ಷರ ಮನೆಯ ಹಿತ್ತಿಲು ನೋಡಿದ ವರ್ಷ

ಮೊನ್ನೆ ಬ್ರಹ್ಮಾವರದ ಸಂತೆಯಲ್ಲಿ ಹೊಸ್ತಿಗೆಂದು ಕದಿರಿನ ಕಟ್ಟು ಮಾರಲು ಕೂತಿದ್ದ ಹೆಂಗಸಿನ ಮುಂದೆ ಬಗ್ಗಿದೆ. ಹಸಿ ತೆನೆಯ ವಾಸನೆ ಮೂಗಿಗೆ ಬಡಿಯಿತು. ಮನೆಯ ಕಂಬಕ್ಕೆ ತೆನೆ ಕಟ್ಟಿ ಹೊಸ ಅಕ್ಕಿ ಊಟ ಮಾಡುವ ಹಬ್ಬ ನಮ್ಮ ಹೊಸ್ತು. ಊರಿಗೆಲ್ಲ ಆ ವಾಸನೆ ಬಂದರೆ ಪಾಯಸ ನೆನಪಾಗುತ್ತದೆ. ನನಗೆ ಮಾತ್ರ ಅಮೆರಿಕದ ಮೊದಲನೆಯ ಅಧ್ಯಕ್ಷರ ಮನೆಯ ಹಿತ್ತಿಲು ನೆನಪಾಗುತ್ತದೆ. ಹೇಳಿದರೆ ಟೀಚರಿಗೆ ತಲೆ ಕೆಟ್ಟಿತು ಅಂದಾರು. ಹಾಗಾಗಿ ಹೇಳುವ ಬದಲು ಬರೆಯುತ್ತಿದ್ದೇನೆ.

ಬಸ್ರೂರಿನ ನಮ್ಮ ಮನೆ ದೊಡ್ಡದು, ಹಳೆಯದು. ಆಸ್ತಿ ತಾಯಿಯಿಂದ ಮಗಳಿಗೆ ಇಳಿಯುವ ಅಳಿಯಕಟ್ಟಿನ ಮನೆಯಾದ್ದರಿಂದ ಯಜಮಾನಿಕೆ ಅಮ್ಮನದ್ದು. ಅವಳು ಹೂಂ ಅನ್ನದೆ ಒಂದು ಹಂಚೂ ಕದಲುವುದಿಲ್ಲ. ನಾನು ಬ್ರಹ್ಮಾವರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾಗಿ ಅವಳ ಜೊತೆಗೇ ಇದ್ದೇನೆ. ಅಣ್ಣ ಮುಂಬೈಯಲ್ಲಿ ಹೋಟೆಲು ಮಾಡಿದವನು, ಈಗ ಬ್ರಹ್ಮಾವರದ ಹೈವೇಯಲ್ಲೂ ಒಂದು ಹಾಕಿದ್ದಾನೆ. ಎರಡು ವರ್ಷದ ಹಿಂದೆ ಅವನ ತಲೆಗೆ ಒಂದು ಹುಳ ಹೊಕ್ಕಿತು. ಮನೆಯನ್ನು ಟಿಕೆಟ್ ಇಟ್ಟು ತೋರಿಸಬೇಕು, ಬಂದವರಿಗೆ ಊಟ ಹಾಕಬೇಕು, ಬೇಕಾದವರು ಒಂದು ರಾತ್ರಿ ಮಲಗಿಯೂ ಹೋಗಲಿ. ಮುಂಬೈ ಹೋಟೆಲಿಗೆ ಬರುವ ಗಿರಾಕಿ ಯಾರೋ ಅವನಿಗೆ ಹೇಳಿದ್ದರಂತೆ, ಅಮೆರಿಕದಲ್ಲಿ ಹಳೆಯ ಅಧ್ಯಕ್ಷರ ಮನೆಗಳನ್ನೆಲ್ಲ ಹಾಗೇ ಇಟ್ಟುಕೊಂಡಿದ್ದಾರೆ, ಜನ ಸಾಲುಗಟ್ಟಿ ನಿಂತು ನೋಡುತ್ತಾರೆ ಎಂದು.

"ಕಾಂಬ, ಅವ್ರ್ ಹ್ಯಾಂಗ್ ತೋರ್ಸ್ತ್ರ್ ಅಂದ್ ಕಂಡ್ಕಂಡ್ ಬಪ್ಪ," ಅಂದ ಅಣ್ಣ. "ವಸಂತಿ, ನಿಂಗ್ ಇಂಗ್ಲೀಷ್ ಬತ್ತ್. ಅಮ್ಮ ಕಣ್ಣಾರೆ ಕಂಡ್ರೆ ಮಾತ್ರ ಒಪ್ತ್ಲ್."

ಜನ ಅಮೆರಿಕಕ್ಕೆ ಜಲಪಾತ ನೋಡಲು ಹೋಗುತ್ತಾರೆ, ನಾವು ಮೂವರು ಹೋದದ್ದು ಟಿಕೆಟ್ ಕೌಂಟರ್ ನೋಡಲಿಕ್ಕೆ. ಮಳೆ ಹಿಡಿಯುವ ಮೊದಲು, ಅಲ್ಲಿ ಬಿಸಿಲು ಏರುವ ಹೊತ್ತಿಗೆ ಹೊರಟೆವು. ನನಗೆ ಒಳಗೊಳಗೇ ಹಿಗ್ಗು. ಅಷ್ಟು ವರ್ಷ ಕರಿಹಲಗೆಯ ಮೇಲೆ ಆ ಅಧ್ಯಕ್ಷರ ಹೆಸರು ಬರೆದು ಅಳಿಸಿದವಳು ನಾನು. ಸುಳ್ಳೇ ಹೇಳದ ಹುಡುಗ ಮುಂದೆ ಮೊದಲನೆಯ ಅಧ್ಯಕ್ಷನಾದ ಕಥೆಯನ್ನು ಎಷ್ಟು ತರಗತಿಗಳಿಗೆ ಹೇಳಿದ್ದೆನೋ! ಈಗ ಅವರ ಮನೆಯ ಮೆಟ್ಟಿಲನ್ನೇ ಹತ್ತುವುದು.

ಮೊದಲು ನೋಡಿದ್ದು ರಾಜಧಾನಿಯಲ್ಲಿ, ನಾಟಕ ನೋಡುತ್ತಿದ್ದಾಗ ಗುಂಡೇಟು ತಿಂದ ಅಧ್ಯಕ್ಷರು ಪ್ರಾಣ ಬಿಟ್ಟ ಮನೆ. ನಾಟಕದ ಮನೆಯ ಎದುರಿಗೇ ಇದೆ. ಹಿಂದಿನ ಕೋಣೆ ನಮ್ಮ ಅಕ್ಕಿ ಮುಡಿ ಇಡುವ ಕೋಣೆಯಷ್ಟೇ ಇತ್ತು. ಎತ್ತರದ ಆಸಾಮಿಯಾದ್ದರಿಂದ ಮಂಚ ಸಾಲದೆ ಓರೆಯಾಗಿ ಮಲಗಿಸಿದ್ದರಂತೆ. ಅಮ್ಮ ಬಾಗಿಲಲ್ಲಿ ಚಪ್ಪಲಿ ಕಳಚಿಟ್ಟು ಒಳಗೆ ಹೋದಳು. ಸತ್ತವರಿದ್ದ ಕೋಣೆಗೆ ಚಪ್ಪಲಿ ಹಾಕಿ ಹೋಗುವ ಕ್ರಮ ಅವಳಿಗಿಲ್ಲ. ಹಿಂದಿನ ಸಾಲಿನವರು ಆ ಚಪ್ಪಲಿಯನ್ನು ದಾಟಲೋ ಬೇಡವೋ ಎಂದು ನಿಂತೇ ಬಿಟ್ಟರು. ಅಣ್ಣ ಅಷ್ಟರಲ್ಲಿ ಹಗ್ಗ ಕಟ್ಟಿ ಸಾಲು ನಿಲ್ಲಿಸುವ ಕಂಬಗಳ ಫೋಟೋ ಹೊಡೆದು ಮುಗಿಸಿದ್ದ.

"ಇಷ್ಟ್ ಚಿಕ್ಕ ಕ್ವಾಣಿಗೆ ಇಷ್ಟ್ ಜನ! ನಮ್ಮ ಮನಿಗೆ ಎಷ್ಟ್ ಬರುಕಿಲ್ಲ?" ಎಂದು ಅವನ ಮುಖ ಅರಳಿತ್ತು.

ಆಮೇಲೆ ಗುಡ್ಡದ ಮೇಲಿನ ಮನೆಗೆ ಹೋದೆವು, ಮೂರನೆಯ ಅಧ್ಯಕ್ಷರದ್ದು. ಮನುಷ್ಯರೆಲ್ಲ ಸಮಾನರು ಎಂದು ದೇಶದ ಪರವಾಗಿ ಬರೆದುಕೊಟ್ಟ ಮಹನೀಯರು ಅವರು. ಊಟದ ಕೋಣೆಗೆ ಒಂದು ವಿಚಿತ್ರ ಬಾಗಿಲು. ಅದರ ಒಂದು ಬದಿಗೆ ಹಲಗೆಗಳು. ಆಚೆಯಿಂದ ಪಾತ್ರೆ ಇಟ್ಟು ತಿರುಗಿಸಿದರೆ ಊಟ ಈಚೆಗೆ ಬರುತ್ತದೆ, ಬಡಿಸಿದವರು ಆಚೆಗೇ ಉಳಿಯುತ್ತಾರೆ. ಅಣ್ಣ ಕುಣಿದಾಡಿದ. ಹೋಟೆಲಿಗೆ ಹೀಗೊಂದು ಬಾಗಿಲು ಮಾಡಿಸಿದರೆ ಸಪ್ಲೈಯರುಗಳ ಓಡಾಟ ಉಳಿಯುತ್ತದೆ ಎಂದು ಅಳತೆ ಅಂದಾಜು ಮಾಡತೊಡಗಿದ. ಮನೆ ತೋರಿಸುತ್ತಿದ್ದ ತರುಣಿ ಅವನು ಕೇಳಿದ್ದಕ್ಕೆ ಶಾಂತವಾಗಿ ಉತ್ತರ ಹೇಳಿದಳು. ಬಡಿಸುವವರು ಗುಲಾಮರು. ಉಣ್ಣುವವರ ಕಣ್ಣಿಗೆ ಅವರ ಮುಖ ಬೀಳುವುದು ಆದಷ್ಟು ಕಡಿಮೆಯಾಗಬೇಕಿತ್ತು. ಅದೇ ಉಸಿರಿನಲ್ಲಿ ಅವಳು ಇನ್ನೊಂದು ಮಾತನ್ನೂ ಹೇಳಿದಳು: ಆ ಗುಲಾಮ ಹೆಂಗಸರಲ್ಲಿ ಒಬ್ಬಳಿಗೆ ಅಧ್ಯಕ್ಷರಿಂದಲೇ ಮಕ್ಕಳಾಗಿದ್ದರು.

ಈ ಮಾತನ್ನು ನಾನು ಅಮ್ಮನಿಗೆ ತಿರುಗಿಸಿ ಹೇಳಬೇಕಿತ್ತು. ಹೇಳದೆ ಬಿಟ್ಟೆ. ಗುಲಾಮಗಿರಿ ಇತ್ತು ಎನ್ನುವುದು ನನಗೆ ಹೊಸ ಸುದ್ದಿಯಲ್ಲ, ಪಾಠವೇ ಮಾಡಿದ್ದೇನೆ. ಆದರೆ ನನ್ನ ಪಾಠದಲ್ಲಿ ಆ ಅಧ್ಯಕ್ಷರು ಒಂದು ಪುಟದಲ್ಲಿದ್ದರು, ಗುಲಾಮರು ಇನ್ನೊಂದು ಪುಟದಲ್ಲಿದ್ದರು. ಇಬ್ಬರೂ ಒಂದೇ ಮನೆಯಲ್ಲಿ, ನಡುವೆ ಒಂದು ತಿರುಗುವ ಬಾಗಿಲು ಇಟ್ಟುಕೊಂಡು ಬದುಕಿದ್ದರು ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಮನೆಗೆ ಟಿಕೆಟ್ ಇಟ್ಟವರೇ ಇದನ್ನು ಬಂದವರ ಮುಂದೆ ಹೇಳುತ್ತಾರಲ್ಲ, ಅದು ಇನ್ನೂ ದೊಡ್ಡ ಆಘಾತ. ನಮ್ಮ ಕಡೆ ಮನೆಯ ಮರ್ಯಾದೆ ಹೋಗುವ ಮಾತನ್ನು ಮನೆಯವರಿಗೇ ಹೇಳುವುದಿಲ್ಲ.

ಕೊನೆಗೆ ಉಳಿದದ್ದು ನದಿಯ ದಂಡೆಯ ದೊಡ್ಡ ಮನೆ, ಮೊದಲನೆಯ ಅಧ್ಯಕ್ಷರದ್ದು. ಅಂಗಳದಿಂದ ನದಿ ಕಾಣುತ್ತದೆ. ಅಮ್ಮನಿಗೆ ಜಾಗ ಕಂಡ ಕೂಡಲೇ ಹಿಡಿಸಿತು, "ನಮ್ಮ ಬಸ್ರೂರ್ ಹೊಳಿ ಕಂಡಂಗ್ ಆತ್ತ್" ಅಂದಳು. ಒಂದು ಗಾಜಿನ ಪೆಟ್ಟಿಗೆಯಲ್ಲಿ ಅಧ್ಯಕ್ಷರ ಹಲ್ಲಿನ ಸೆಟ್ಟು ಇತ್ತು. ಅದರಲ್ಲಿ ಮನುಷ್ಯರ ಹಲ್ಲೂ ಇದೆ, ತಮ್ಮ ಗುಲಾಮರಿಂದ ಕೊಂಡ ಹಲ್ಲೂ ಇರಬಹುದು ಎಂದರು. ನನ್ನ ಸತ್ಯಸಂಧ ಹುಡುಗ ನೆನಪಾದ. ಅಮ್ಮ ತನ್ನ ಕಟ್ಟಿಸಿದ ಹಲ್ಲಿನ ಮೇಲೆ ಸೆರಗು ಮುಚ್ಚಿಕೊಂಡಳು.

ಗುಲಾಮರ ಬಿಡಾರದ ಎದುರು ನಿಂತು ಅಲ್ಲಿಯವರು ಅಧ್ಯಕ್ಷರ ಉಯಿಲಿನ ವಿಷಯ ಹೇಳಿದರು. ತಮ್ಮ ಪಾಲಿನ ಆಳುಗಳಿಗೆ ಬಿಡುಗಡೆ ಎಂದು ಅವರು ಬರೆದಿಟ್ಟರಂತೆ. ಆದರೆ ಹೆಂಡತಿಯ ಮೊದಲ ಗಂಡನ ಆಸ್ತಿಯಿಂದ ಬಂದ ಆಳುಗಳ ಮೇಲೆ ಅವರಿಗೆ ಹಕ್ಕಿರಲಿಲ್ಲ. ಎರಡೂ ಬದಿಯ ಆಳುಗಳು ಪರಸ್ಪರ ಮದುವೆಯಾಗಿದ್ದರು. ಆಳು ಗಂಡನಿಗೆ ಬಿಡುಗಡೆಯಾದರೆ ಅವನ ಹೆಂಡತಿ ಅಧ್ಯಕ್ಷರ ಹೆಂಡತಿಯ ಮೊಮ್ಮಕ್ಕಳ ಪಾಲಿಗೆ ಹೋದಳು. ಆಸ್ತಿಪಾಲಿನ ಮಾತೆಂದರೆ ಅಮ್ಮನ ಕಿವಿ ಚುರುಕು. ಅವಳು ನನ್ನ ಕೈ ಎಳೆದಳು.

"ಮಕ್ಳ್ ಯಾರ್ ಬದಿಗ್ ಹೋದೊ ಕೇಣ್."

ಕೇಳಿದೆ. ಮಕ್ಕಳು ತಾಯಿಯ ಬದಿಗೆ. ತಾಯಿ ಯಾರ ಆಳೋ ಮಕ್ಕಳೂ ಅವರದೇ.

"ಅಬ್ಬಿ ಬದಿಗೆ," ಅಂದಳು ಅಮ್ಮ ಮೆಲ್ಲಗೆ. "ನಮ್ಮ ಕಟ್ಟಿನಂಗೆ."

ಅಧ್ಯಕ್ಷರ ಸಮಾಧಿ ಕಟ್ಟಡ ಗಟ್ಟಿಯಾಗಿದೆ, ಚೆಂದವಾಗಿದೆ. ಅಲ್ಲಿಂದ ಸ್ವಲ್ಪ ದೂರ ಮರಗಳ ಕೆಳಗೆ ಗುಲಾಮರನ್ನು ಹೂಳುತ್ತಿದ್ದ ಜಾಗ. ಒಂದು ಗೋರಿಯ ಮೇಲೂ ಹೆಸರಿಲ್ಲ. ಮಣ್ಣಿನಲ್ಲಿ ಕುಳಿಯ ಗುರುತು ಸಿಕ್ಕಲ್ಲೆಲ್ಲ ಹಗ್ಗ ಕಟ್ಟಿ ಬಿಟ್ಟಿದ್ದರು. ನಾವು ನೋಡುತ್ತಿದ್ದ ಹಾಗೆ ಅಮ್ಮ ಚೀಲದಿಂದ ಮಧ್ಯಾಹ್ನಕ್ಕೆ ಕಟ್ಟಿಕೊಂಡು ಬಂದಿದ್ದ ಮೊಸರನ್ನ ತೆಗೆದಳು, ಕಾಗದದ ತಟ್ಟೆಗೆ ಬಡಿಸಿದಳು, ಹಗ್ಗದ ಬುಡದಲ್ಲಿ ಇಟ್ಟು ನೀರು ಸುತ್ತಿದಳು. ಇಟ್ಟವಳೇ ಬೆನ್ನು ತಿರುಗಿಸಿ, ಹಿಂದೆ ನೋಡದೆ ನಮ್ಮ ಕಡೆ ನಡೆದು ಬಂದಳು.

ಆ ಬಡಿಸುವ ಕ್ರಮ ನನಗೆ ಗೊತ್ತು. ನಮ್ಮ ಮನೆಯಲ್ಲಿ ಹೊಸ್ತಿನ ದಿನ ಯಾರೂ ಉಣ್ಣುವ ಮೊದಲು ಮನೆಯ ಹಿರಿಯ ಹೆಂಗಸು ಒಂದು ಬಾಳೆಲೆ ಬಡಿಸಿಕೊಂಡು ಹಿತ್ತಿಲಿಗೆ ಹೋಗುತ್ತಾಳೆ. ಬೇಲಿಗೆ ಒಂದು ದಣಪೆ ಇದೆ, ದನ ನುಗ್ಗದ ಹಾಗೆ ಅಡ್ಡಗಳು ಹಾಕಿದ ದಾರಿ. ಅದರ ಆಚೆ ಎಲೆ ಇಟ್ಟು, ಹೆಸರು ಹೇಳದೆ, ಬೆನ್ನು ಹಾಕಿ ಬರಬೇಕು. ಅದು ಯಾರಿಗೆ ಎಂದು ಚಿಕ್ಕವಳಿದ್ದಾಗ ಕೇಳಿ ನಾನು ಅಜ್ಜಿಯಿಂದ ಪೆಟ್ಟು ತಿಂದಿದ್ದೇನೆ. ಗತಿಸಿದ ಹಿರಿಯರಿಗೆ ಒಳಗೆ ಬೇರೆಯೇ ಬಡಿಸುತ್ತೇವೆ. ಹೊರಗಿನ ಎಲೆ ಯಾರದ್ದೆಂದು ಬಡಿಸುವ ಅಮ್ಮನಿಗೂ ಗೊತ್ತಿರಲಿಲ್ಲ.

ಅಣ್ಣ ಕಂಗಾಲಾದ. "ಹ್ವಾಯ್, ಎಂತ ಮಾಡ್ದೆ ಅಮ್ಮ! ಇಲ್ಲ್ ಕಸ ಹಾಕ್ರೆ ದಂಡ ಹಾಕ್ತ್ರ್!" ಎಂದು ತಟ್ಟೆ ಎತ್ತಲು ಓಡಿದ. ಅಷ್ಟರಲ್ಲಿ ಅಲ್ಲಿಯ ಕೆಲಸದ ಹೆಂಗಸೊಬ್ಬರು ಬಂದರು. ನನ್ನದೇ ವಯಸ್ಸಿನ ಕಪ್ಪು ಹೆಂಗಸು, ಕುತ್ತಿಗೆಗೆ ಗುರುತಿನ ಚೀಟಿ. ನಾನು ತಡವರಿಸುತ್ತಾ ಹೇಳಿದೆ, ಕ್ಷಮಿಸಿ, ನಮ್ಮ ಮನೆಯಲ್ಲಿ ಹೀಗೊಂದು ಪದ್ಧತಿ, ಹೊರಗಿನ ಯಾರಿಗೋ ಒಂದು ಎಲೆ ಇಡುತ್ತೇವೆ, ಯಾರಿಗೆಂದು ಗೊತ್ತಿಲ್ಲ. ಅವರು ತಟ್ಟೆಯನ್ನೂ ಅಮ್ಮನನ್ನೂ ನೋಡಿದರು. ಬೈಯಲಿಲ್ಲ.

"ಹಾಗಾದರೆ ನಿಮ್ಮಲ್ಲೂ ಇದ್ದರೇ?" ಎಂದು ಕೇಳಿದರು.

ಇಲ್ಲ ಎನ್ನಲು ನಾನು ಬಾಯಿ ತೆರೆದೇ ಬಿಟ್ಟಿದ್ದೆ. ಗುಲಾಮರು ಇದ್ದದ್ದು ಅಮೆರಿಕದಲ್ಲಿ, ನಮ್ಮಲ್ಲಿ ಗೇಣಿ, ಒಕ್ಕಲು. ಪಾಠ ಮಾಡಿದ್ದು ಹಾಗೆಯೇ. ಅಭ್ಯಾಸಬಲದಿಂದ ಅವರ ಪ್ರಶ್ನೆಯನ್ನು ಅಮ್ಮನಿಗೂ ಹೇಳಿದೆ.

"ಇದ್ರ್ ಅಂದೇಳ್," ಅಂದಳು ಅಮ್ಮ. "ಮೂಲದಾಳ್ಗಳ್. ಗದ್ದಿ ಒಟ್ಟಿಗ್ ಪಾಲ್ ಆತಿದ್ರ್ ಅಂಬ್ರ್. ನಮ್ಮ ಎಲಿ ಅವ್ರದ್ದೇ ಆಯ್ಕ್. ನಂಗ್ ಈಗಳ್ ಅಂದಾಜಾಯ್ತ್."

ನಾನು ತಿರುಗಿಸಿ ಹೇಳಿದ್ದನ್ನು ಕೇಳಿದ ಆ ಹೆಂಗಸು ತಟ್ಟೆಯನ್ನು ಎತ್ತಲಿಲ್ಲ. ಸಂಜೆ ಬಾಗಿಲು ಹಾಕುವಾಗ ತಾನೇ ತೆಗೆಯುತ್ತೇನೆ ಎಂದರು. ನಾನು ಉದ್ದಕ್ಕೂ ಅಳುತ್ತಾ ಬಸ್ಸಿಗೆ ಬಂದೆ. ಅಣ್ಣ ಉಡುಗೊರೆ ಅಂಗಡಿಯ ಫೋಟೋ ತೆಗೆಯುವುದನ್ನೇ ಮರೆತ.

ಊರಿಗೆ ಬಂದು ಇಳಿಯುವಾಗ ಮಳೆ ಹಿಡಿದಿತ್ತು. ಒಂದು ವಾರ ಕಳೆಯುವುದರೊಳಗೆ ಅಣ್ಣ ಮತ್ತೆ ತನ್ನ ಹಾದಿ ಹಿಡಿದ. ಹೊಸ್ತಿನ ದಿನವೇ ಮನೆ ತೋರಿಸಲು ಶುರು, ಹೊಸ ಅಕ್ಕಿ ಊಟ, ಮುಂಬೈ ಬೆಂಗಳೂರಿನಿಂದ ಅತಿಥಿಗಳು. ಕಾರು ನಿಲ್ಲಿಸಲು ಜಾಗ ಬೇಕು. ಅದಕ್ಕೆ ಹಿತ್ತಿಲ ಬೇಲಿ ತೆಗೆದು ದಣಪೆಯ ಆಚೆಗೆ ಕಲ್ಲು ಹಾಸುವುದು. ಎಲೆ ಇಡುವ ಜಾಗ ಸರಿಯಾಗಿ ಅದರ ಮಧ್ಯೆ ಬೀಳುತ್ತಿತ್ತು.

"ಅದ್ ಯಾರ್ ಎಲಿ ಅಂದ್ ಗೊತ್ತಾಗ್ದೆ ಅಲ್ಲ್ ಒಂದ್ ಕಲ್ಲೂ ಹಾಕುಕಾಗ," ಅಂದಳು ಅಮ್ಮ. "ಹೆಸ್ರ್ ಗೊತ್ತಿಲ್ದೆ ಬಡ್ಸಿ ಬಡ್ಸಿ ನಂಗ್ ಸಾಕಾಯ್ತ್. ನಾನ್ ಸಾಯುದ್ರೊಳ್ಗೆ ಒಂದ್ ವರ್ಷ ಮುಖ ಕಂಡ್ ಬಡ್ಸ್ಕ್."

ತಿಳಿದವರು ಒಬ್ಬರೇ ಉಳಿದಿದ್ದರು, ಉಪ್ಪುಂದದಲ್ಲಿರುವ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ. ಸುರಿಯುವ ಮಳೆಯಲ್ಲಿ ಅಣ್ಣನೇ ಕಾರು ಬಿಟ್ಟ. ದೊಡ್ಡಮ್ಮ ಜಗಲಿಯಲ್ಲಿ ಕೂತು ಎಲೆಅಡಿಕೆ ಮೆಲ್ಲುತ್ತಿದ್ದರು. ಅಮ್ಮ ಸುತ್ತಿ ಬಳಸದೆ ಕೇಳಿದಳು. ದೊಡ್ಡಮ್ಮನ ಬಾಯಿ ಅಲ್ಲಿಗೇ ನಿಂತಿತು.

"ಆ ಹೆಸ್ರ್ ಎತ್ತುಕಾಗ ಹೆಣೆ. ಎತ್ರೆ ಒಳ್ಗೆ ಬತ್ಲ್ ಅಂಬ್ರ್."

"ಬರ್ಲಿ," ಅಂದಳು ಅಮ್ಮ.

ದೊಡ್ಡಮ್ಮ ಹೇಳಿದರು. ಅಮ್ಮನ ಅಜ್ಜಿಗೂ ಹಿಂದಿನ ತಲೆಮಾರಿನಲ್ಲಿ ಅಕ್ಕ ತಂಗಿ ಮನೆ ಪಾಲು ಮಾಡಿಕೊಂಡರಂತೆ. ಬಸ್ರೂರಿನ ಗದ್ದೆ ಅಕ್ಕನಿಗೆ, ಬೈಂದೂರು ಬದಿಯದ್ದು ತಂಗಿಗೆ. ಆಳುಗಳೂ ಪಾಲಾದರು. ಬಚ್ಚಿ ಎನ್ನುವ ಹೆಂಗಸು ಬೈಂದೂರಿಗೆ, ಅವಳ ಗಂಡನೂ ಮೊಲೆ ಬಿಡದ ಮಗುವೂ ಬಸ್ರೂರಿಗೆ. ಹೊಸ್ತಿನ ದಿನ ಬಚ್ಚಿ ತಪ್ಪಿಸಿಕೊಂಡು, ಹೊಳೆ ದಾಟಿ, ಬೈಂದೂರಿನಿಂದ ಬಸ್ರೂರಿಗೆ ನಡೆದು ಬಂದಳು. ದಣಪೆಯ ಆಚೆ ನಿಂತು ಮಗುವನ್ನು ಒಮ್ಮೆ ಕೊಡಿ ಎಂದು ಕೂಗಿದಳು. ಮನೆಯವರು ಹೊಸ ಅಕ್ಕಿ ಊಟಕ್ಕೆ ಕೂತಿದ್ದರು. ಊಟದ ನಡುವೆ ಏಳುವುದು ಅಪಶಕುನ ಎಂದು ಯಾರೂ ಏಳಲಿಲ್ಲ.

"ಉಂಡ್ ಕೈ ತೊಳ್ದ್ ಹೋಯಿ ಕಾಂತ್ರ್, ಅಲ್ಲೇ ಬಿದ್ದ್ ಸತ್ತಿದ್ಲ್," ಅಂದರು ದೊಡ್ಡಮ್ಮ. "ಮತ್ತೆ ಮನಿಯಂಗೆ ಮಕ್ಳ್ ಉಳಿಲಿಲ್ಲ. ಪಾತ್ರಿ ಮೈಮೇಲ್ ದೈವ ಬಂದ್ ಹೇಳ್ತ್, ನಿಮ್ಮಕಿಂತ ಮೊದ್ಲ್ ಅವ್ಳಿಗ್ ಬಡ್ಸಿ ಅಂದೇಳಿ."

ಅಂದರೆ ಅದು ಪ್ರೀತಿಯ ಎಲೆಯಲ್ಲ, ಹೆದರಿಕೆಯ ಎಲೆ. ಅಣ್ಣ ಎದ್ದು ಮಳೆಗೇ ಹೋಗಿ ನಿಂತ. ಆಗ ದೊಡ್ಡಮ್ಮ ಸಾವಕಾಶವಾಗಿ ಕೊನೆಯ ಪೆಟ್ಟು ಕೊಟ್ಟರು.

"ಆ ಮಗಿನ್ ಸಂತಾನ ಇತ್ತಲೆ. ತೆಕ್ಕಟ್ಟೆಯಂಗ್ ಇದ್ರ್. ಆ ಮನಿ ಹೆಣ್ ಒಂದ್ ನಿನ್ನ್ ಶಾಲಿಯಂಗೇ ಲೆಕ್ಕದ್ ಟೀಚರ್ ಅಂಬ್ರ್."

ಜಲಜ! ಇಷ್ಟು ವರ್ಷ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದವಳು. ನನ್ನ ಬುತ್ತಿಯ ಸೀಗಡಿ ಚಟ್ನಿ ಅವಳಿಗೆ, ಅವಳ ಬುತ್ತಿಯ ಹುರುಳಿ ಸಾರು ನನಗೆ. ಅವಳ ಮಗಳ ಮದುವೆಯಲ್ಲಿ ನಾನು ಉಂಡು ಬಂದಿದ್ದೇನೆ. ನಮ್ಮ ಮನೆಗೆ ಮಾತ್ರ ಅವಳು ಬಂದದ್ದಿಲ್ಲ. ಕರೆದಾಗಲೆಲ್ಲ ನಕ್ಕು, ಮತ್ತೊಮ್ಮೆ ಬರುತ್ತೇನೆ ಅನ್ನುತ್ತಿದ್ದಳು.

ತೆಕ್ಕಟ್ಟೆಗೆ ನಾನೊಬ್ಬಳೇ ಬಸ್ಸಿನಲ್ಲಿ ಹೋದೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಾಲೀಮು. ಅವಳು ಚಾ ತಂದಿಟ್ಟಳು. ಅಮೆರಿಕದಿಂದ ಶುರು ಮಾಡಿ ಉಪ್ಪುಂದದವರೆಗೆ ಹೇಳಿದೆ, ಕೈ ತಾಗಿ ಚಾ ಚೆಲ್ಲಿತು. ಜಲಜ ಬಟ್ಟೆ ತಂದು ಮೇಜು ಒರೆಸಿದಳು.

"ನಂಗ್ ಗೊತ್ತಿತ್ತ್ ವಸಂತಿ ಟೀಚ್ರೆ," ಅಂದಳು. "ನಮ್ಮನಿಯಂಗೂ ಹೊಸ್ತ್ ದಿನ ಹಿರಿಯರಿಗೆಲ್ಲ ಎಲಿ ಹಾಕ್ತ್. ಬಚ್ಚಜ್ಜಿಗ್ ಒಬ್ಳಿಗ್ ಹಾಕ್ತಿಲ್ಲೆ."

"ಎಂತಕ್ಕೆ?"

"ಅವ್ಳ್ ಆ ದಿನ ನಿಮ್ಮನಿಯಂಗ್ ಉಂತ್ಲ್ ಅಲ್ದಾ? ಎರ್ಡ್ ಬದಿ ಹ್ಯಾಂಗ್ ಉಂಬ್ದ್ ಅವ್ಳ್?"

ನಾವು ಹೆದರಿ ಎಸೆದ ತುತ್ತಿನಿಂದಾಗಿ ಅವಳಿಗೆ ತನ್ನ ಮಕ್ಕಳ ಮನೆಯ ಎಲೆಯೂ ಇಲ್ಲ. ಸತ್ತ ಮೇಲೂ ಅವಳು ನಮ್ಮ ಪಾಲಿಗೇ ಉಳಿದಿದ್ದಳು.

"ನಿಮ್ಮನಿಗ್ ನಾನ್ ಬರ್ದಿದ್ದ್ ಕೋಪಕ್ಕಲ್ಲ," ಅಂದಳು ಜಲಜ. "ನಮ್ಮನಿ ಒಬ್ಳ್ ಅಲ್ಲಿಗ್ ಹೋದೋಳ್ ತಿರ್ಗಿ ಬರ್ಲಿಲ್ಲ. ಅಲ್ಲ್ ಕಾಲ್ ಇಡುಕೆ ನಮ್ಮಜ್ಜಿ ಬಿಡ್ತಿರ್ಲಿಲ್ಲ." ಚಾ ಲೋಟ ಎತ್ತಿಕೊಂಡು ಎದ್ದಳು. "ಈ ವರ್ಷ ಬತ್ತೆ. ಅವ್ಳನ್ನ ಕರ್ಕಂಡ್ ಬಪ್ಕೆ."

ಅಮ್ಮನಿಗೆ ಬಂದು ಹೇಳಿದೆ. ಅವಳು ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಹೊಸ್ತಿನ ದಿನ ಅತಿಥಿಗಳು ಬೇಡ ಎಂದು ಅಣ್ಣನಿಗೆ ಹೇಳಿದಳು.

"ಬುಕ್ಕಿಂಗ್ ಎಲ್ಲ ಆಯಿತ್ತ್ ಅಮ್ಮ! ಊಟಕ್ ಬಂದೋರಿಗೆ ಈ ಕಥಿ ಹೇಳುಕಾತ್ತಾ? ಮನಿ ಹೆಸ್ರ್ ಎಂತ ಆತ್ತ್?"

"ಆ ಅಧ್ಯಕ್ಷನ್ ಮನಿ ಹೆಸ್ರ್ ಎಂತ ಆಯ್ತ್? ಜನ ಸಾಲ್ ನಿಂತಿರ್ಲಿಲ್ಯಾ? ಬುಕ್ಕಿಂಗ್ ಕ್ಯಾನ್ಸಲ್ ಮಾಡ್."

ಅಣ್ಣ ಎರಡು ದಿನ ಸಿಡಿಮಿಡಿಗೊಂಡ, ಊಟಕ್ಕೂ ಬ್ರಹ್ಮಾವರದಲ್ಲೇ ಉಳಿದ. ಮೂರನೆಯ ದಿನ ಬಂದು ಎಲ್ಲರಿಗೂ ಫೋನು ಮಾಡಿದ.

ಹೊಸ್ತಿನ ದಿನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಜಲಜ ಎದುರು ಬಾಗಿಲಿಗೆ ಬರಲಿಲ್ಲ. ಹಿತ್ತಿಲ ಕಡೆಯಿಂದ ಬಂದು ದಣಪೆಯ ಆಚೆ, ಬಚ್ಚಿ ನಿಂತ ಜಾಗದಲ್ಲೇ ನಿಂತಳು. ಅಮ್ಮ ಅಡ್ಡಗಳನ್ನು ಸರಿಸಿ ಆಚೆಗೆ ಹೋದಳು. ಎಲೆ ಹಾಸಿ, ಹೊಸ ಅಕ್ಕಿ ಅನ್ನ, ಪಾಯಸ, ಪಲ್ಯ ಎಲ್ಲ ಬಡಿಸಿದಳು. ಈ ಸಲ ಬೆನ್ನು ಹಾಕಲಿಲ್ಲ. ಎಲೆಯ ಎದುರಿಗೇ ಮಣ್ಣಿನಲ್ಲಿ ಕೂತಳು.

"ಬಚ್ಚೀ..." ಎಂದಳು. ನನ್ನ ಪಕ್ಕ ನಿಂತಿದ್ದ ಅಣ್ಣ ಹೆಗಲ ಮೇಲಿನ ಬೈರಾಸು ತೆಗೆದು ಮುಖಕ್ಕೆ ಒತ್ತಿಕೊಂಡ.

ಜಲಜ ಬಗ್ಗಿದಳು. ಊಟ ಮುಗಿದವರು ಮಡಚುವ ಹಾಗೆ ಎಲೆಯನ್ನು ತಾನೇ ಮಡಚಿದಳು.

"ಬಚ್ಚಜ್ಜಿ, ಉಂಡಾಯ್ತ್. ಮಗು ಮನಿಯಂಗ್ ಇತ್ತ್. ಮನಿಗ್ ಹೋಪ, ಬಾ," ಅಂದಳು. ತರಗತಿಯಲ್ಲಿ ಲೆಕ್ಕ ಹೇಳುವ ಅವಳ ಗಟ್ಟಿ ದನಿ ಅದು, ಒಂದಿಷ್ಟೂ ನಡುಗಲಿಲ್ಲ.

ಅಮ್ಮ ಕೂತಲ್ಲಿಂದಲೇ ತಲೆ ಎತ್ತಿದಳು. ಹಿಡಿದದ್ದನ್ನು ಯಾರೋ ಕೈಯಿಂದ ತೆಗೆದುಕೊಂಡು ಹೋದ ಹಾಗಿತ್ತು ಅವಳ ಮುಖ.

"ಹಾಂಗಾರೆ ಬಪ್ಪ ವರ್ಷ ನಾನ್ ಯಾರಿಗ್ ಬಡ್ಸುದ್?"

"ಬಪ್ಪ ವರ್ಷ ಇಲ್ಲ್ ಬಡ್ಸುಕಿಲ್ಲ ಅಮ್ಮ," ಅಂದಳು ಜಲಜ. "ಬಚ್ಚಜ್ಜಿಗ್ ನಮ್ಮನಿಯಂಗೇ ಎಲಿ ಹಾಕ್ತ್. ನೀವೂ ಅಲ್ಲಿಗೇ ಉಂಬುಕ್ ಬನ್ನಿ."

ಬೇರೆಯವರ ಮನೆಯಲ್ಲಿ ನೀರು ಕುಡಿಯುವುದಕ್ಕೂ ಹತ್ತು ಸಲ ಯೋಚಿಸುವ ನನ್ನ ಅಮ್ಮ, ಮಣ್ಣಾದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಎಷ್ಟೊತ್ತಿಗ್ ಬರ್ಕ್?" ಎಂದು ಕೇಳಿದಳು.